ಸಂದೇಶ ಕೆಟ್ಟಿತೋ, ಓಣಿ ಕೆಟ್ಟಿತೋ: ಕ್ಯಾನ್ಸರ್ ಕುರಿತ ಒಂದು ಹಳೆಯ ವ್ಯಾಜ್ಯ

1979ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಎಂಬ ಇಂಗ್ಲೆಂಡ್ ಮೂಲದ ವಿಜ್ಞಾನಿ ಹೊಸ ದ್ರಾವಣ ಕಲಸಿಕೊಳ್ಳಲು ಬೇಸರಪಟ್ಟರು. ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಒಡೆದು, ತೆಳು ಲೇಪದ ತಟ್ಟೆಯ ಮೇಲೆ ವಿದ್ಯುತ್ ಹರಿಸಿ ಒಂದೊಂದನ್ನೂ ಬೇರ್ಪಡಿಸುವ ಕೆಲಸ ಅದು. ಬಳಸುವ ದ್ರಾವಣದ ಪಿಎಚ್ 1.9 ಇರಬೇಕು. ಹಳೆಯದನ್ನೇ ಮತ್ತೆ ಮತ್ತೆ ಬಳಸಿದ್ದರಿಂದ ಅದು 1.7ಕ್ಕೆ ಇಳಿದಿತ್ತು. ಪ್ರೋಟೀನಿಗೆ ಫಾಸ್ಫೇಟ್ ಅಂಟುವುದು ಸೀರಿನ್, ಥ್ರಿಯೊನಿನ್ ಎಂಬ ಎರಡು ಅಮೈನೋ ಆಮ್ಲಗಳ ಮೇಲೆ ಎಂದು ಆಗ ಎಲ್ಲರೂ ನಂಬಿದ್ದರು. ಹಂಟರ್ ಅವರ ತಟ್ಟೆಯಲ್ಲಿ ಆ ಎರಡೂ ಅಲ್ಲದ ಜಾಗದಲ್ಲಿ ಮೂರನೆಯ ಚುಕ್ಕೆಯೊಂದು ಮೂಡಿತು. ಅದು ಟೈರೊಸಿನ್. ದ್ರಾವಣ ಸರಿಯಾಗಿದ್ದಿದ್ದರೆ ಈ ಚುಕ್ಕೆ ಥ್ರಿಯೊನಿನ್ ಚುಕ್ಕೆಯ ಜೊತೆಗೇ ಸಾಗಿ ಅದರಲ್ಲೇ ಮುಚ್ಚಿಹೋಗುತ್ತಿತ್ತು.

ಸೋಮಾರಿತನಕ್ಕೆ ಇಷ್ಟು ದೊಡ್ಡ ಬಹುಮಾನ ಸಿಕ್ಕಿದ್ದು ಅಪರೂಪ. ಇಂದು ಕ್ಯಾನ್ಸರ್ ವಾರ್ಡುಗಳಲ್ಲಿ ಕೊಡುವ ಇಮಾಟಿನಿಬ್, ಗೆಫಿಟಿನಿಬ್‌ನಂಥ ‘ನಿಬ್’ ಮಾತ್ರೆಗಳಲ್ಲಿ ಬಹುಪಾಲಿನವು ಆ ಮೂರನೆಯ ಚುಕ್ಕೆಯ ಸಂತಾನ. ಟೈರೊಸಿನ್‌ಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳನ್ನು ಕಟ್ಟಿಹಾಕುವುದೇ ಅವುಗಳ ಕೆಲಸ. ಈ ಮಾತ್ರೆಗಳ ಹಿಂದೆ ಒಂದು ನಂಬಿಕೆಯಿದೆ: ಕ್ಯಾನ್ಸರ್ ಎಂದರೆ ಜೀವಕೋಶದೊಳಗೆ ಸಂದೇಶ ಸಾಗಿಸುವ ಪ್ರೋಟೀನು ಕೆಟ್ಟುನಿಂತದ್ದು, ಕೆಟ್ಟದ್ದನ್ನು ಹುಡುಕಿ ಕಟ್ಟಿಹಾಕಿದರೆ ರೋಗ ಹೋಗುತ್ತದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಕೆಲವು ಕಡೆ ಬೆರಗಾಗುವಷ್ಟು ನಿಜ. ಕೆಲವು ಕಡೆ ಅದೇ ಮಾತ್ರೆ, ಅದೇ ಕೆಟ್ಟ ಪ್ರೋಟೀನು, ಆದರೂ ಗಡ್ಡೆ ಅಲುಗುವುದಿಲ್ಲ. ಏಕೆ ಎಂಬ ಬಗ್ಗೆ ಜೀವವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ಒಂದು ಹೇಂಟೆ, ಐವತ್ತೈದು ವರ್ಷ

ಕಥೆ ಶುರುವಾಗುವುದು 1909ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಬಂದ ಒಂದು ಕೋಳಿಯಿಂದ. ಪ್ಲಿಮತ್ ರಾಕ್ ತಳಿಯ ಹೇಂಟೆ. ಎದೆಯ ಮೇಲೆ ಗಡ್ಡೆ. ಪೇಟನ್ ರೌಸ್ ಆ ಗಡ್ಡೆಯನ್ನು ಅರೆದು, ಕೋಶವಾಗಲಿ ಬ್ಯಾಕ್ಟೀರಿಯಾ ಆಗಲಿ ದಾಟಲಾರದಷ್ಟು ಸಣ್ಣ ರಂಧ್ರದ ಸೋಸುಕದಲ್ಲಿ ಸೋಸಿ, ಉಳಿದ ತಿಳಿಯನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಡ್ಡೆ ಬಂತು. ಅಂದರೆ ಗಡ್ಡೆಗೆ ಕಾರಣ ಒಂದು ವೈರಸ್. 1911ರಲ್ಲಿ ಇದನ್ನು ಪ್ರಕಟಿಸಿದಾಗ ಕಿವಿಗೊಟ್ಟವರು ಕಡಿಮೆ. ನೊಬೆಲ್ ಬಂದದ್ದು 1966ರಲ್ಲಿ, ರೌಸ್‌ಗೆ 87 ವರ್ಷವಾದಾಗ. ತಮಾಷೆಯೆಂದರೆ, ಆ ನೊಬೆಲ್ ಉಪನ್ಯಾಸದಲ್ಲೂ ರೌಸ್ ಕ್ಯಾನ್ಸರಿಗೆ ಕೋಶದ ಜೀನಿನಲ್ಲಾಗುವ ಮ್ಯುಟೇಶನ್ನೇ ಮೂಲ ಎಂಬ ವಾದವನ್ನು ಒಪ್ಪಲಿಲ್ಲ. ಅವರ ವೈರಸ್ಸೇ ಮುಂದೆ ಆ ವಾದಕ್ಕೆ ಅತಿ ದೊಡ್ಡ ಸಾಕ್ಷಿಯಾಯಿತು.

1970ರಲ್ಲಿ ಬರ್ಕ್ಲಿಯ ಸ್ಟೀವ್ ಮಾರ್ಟಿನ್ ಈ ವೈರಸ್ಸಿನ ಒಂದು ವಿಚಿತ್ರ ರೂಪವನ್ನು ಪಡೆದರು. ಉಷ್ಣತೆ ಸ್ವಲ್ಪ ಏರಿಸಿದರೆ ಕೆಟ್ಟ ಕೋಶಗಳು ಮತ್ತೆ ಸಾಧುವಾಗುತ್ತಿದ್ದವು, ಆದರೆ ವೈರಸ್ ತನ್ನ ಪಾಡಿಗೆ ಬೆಳೆಯುತ್ತಲೇ ಇತ್ತು. ವೈರಸ್ಸಿಗೆ ಬದುಕಲು ಬೇಡದ, ಕೋಶವನ್ನು ಕೆಡಿಸಲು ಮಾತ್ರ ಬೇಕಾದ ಜೀನೊಂದು ಅದರಲ್ಲಿದೆ ಎಂದಾಯಿತು. ಸಾರ್ಕೋಮಾ ಎಂಬ ಗಡ್ಡೆಯ ಹೆಸರಿನಿಂದ ಅದನ್ನು ‘ಸಾರ್ಕ್’ ಎಂದು ಕರೆದರು. (ನಮ್ಮ ನೆರೆದೇಶಗಳ ಒಕ್ಕೂಟಕ್ಕೂ ಇದಕ್ಕೂ ನಂಟಿಲ್ಲ.)

1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೈಕಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್, ದೊಮಿನಿಕ್ ಸ್ತೆಹೆಲಾಂ ಮತ್ತು ಪೀಟರ್ ವೋಗ್ಟ್ ಜೊತೆಗೂಡಿ, ಇದೇ ಜೀನಿಗಾಗಿ ಆರೋಗ್ಯವಂತ ಕೋಳಿಯಲ್ಲಿ ಹುಡುಕಾಡಿದರು. ಸಿಕ್ಕಿತು. ಬಾತು, ಟರ್ಕಿ, ಎಮುಗಳಲ್ಲೂ ಸಿಕ್ಕಿತು. ಮುಂದೆ ಸಸ್ತನಿಗಳಲ್ಲೂ. ವೈರಸ್ ಆ ಜೀನನ್ನು ತಂದದ್ದಲ್ಲ; ಎಂದೋ ಕೋಳಿಯಿಂದಲೇ ಕದ್ದು, ಕೆಡಿಸಿ, ವಾಪಸು ತಂದು ಹಾಕುತ್ತಿತ್ತು. ಕ್ಯಾನ್ಸರಿನ ಬೀಜ ನಮ್ಮ ಕೋಶದೊಳಗೇ, ನಿತ್ಯದ ಕೆಲಸ ಮಾಡಿಕೊಂಡು ಕೂತಿದೆ ಎಂಬ ಮಾತಿಗೆ 1989ರ ನೊಬೆಲ್ ಬಂತು. ಬಿಷಪ್ ಮತ್ತು ವಾರ್ಮಸ್‌ಗೆ ಮಾತ್ರ. ಪ್ರಯೋಗದ ಬಹುಪಾಲು ಕೈಯಾರೆ ಮಾಡಿದವನು ತಾನು ಎಂದು ಸ್ತೆಹೆಲಾಂ ಬಹಿರಂಗವಾಗಿಯೇ ತಕರಾರು ಎತ್ತಿದರು.

ಸಾರ್ಕ್ ಏನು ಮಾಡುತ್ತದೆ? ಅದೊಂದು ಕೈನೇಸ್, ಅಂದರೆ ಬೇರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ, ಎಂದು 1978ರಲ್ಲಿ ಗೊತ್ತಾಗಿತ್ತು. ಅಂಟಿಸುವುದು ಥ್ರಿಯೊನಿನ್ ಮೇಲೆ ಎಂದು ತಿಳಿದಿದ್ದರು, ಅದೇ ಒಂದಾಗಿ ಕಾಣುವ ಎರಡು ಚುಕ್ಕೆಗಳ ಮೋಸದಿಂದ. ಹಂಟರ್ ಮತ್ತು ಬಾರ್ಟ್ ಸೆಫ್ಟನ್ 1980ರಲ್ಲಿ ಅದನ್ನು ತಿದ್ದಿದರು. ಸಾಮಾನ್ಯ ಕೋಶದಲ್ಲಿ ಟೈರೊಸಿನ್ ಮೇಲಿನ ಫಾಸ್ಫೇಟ್ ತೀರಾ ವಿರಳ; ರೌಸ್ ವೈರಸ್ ಹೊಕ್ಕ ಕೋಶದಲ್ಲಿ ಅದು ಹತ್ತು ಪಟ್ಟು ಏರುತ್ತದೆ. ಇಷ್ಟು ವಿರಳವಾದ ಗುರುತೊಂದು ಇಷ್ಟು ಏರಿದರೆ ಅದಕ್ಕೆ ಅರ್ಥವಿರಲೇಬೇಕು.

ಕೋಶದೊಳಗಿನ ನೀರುಗಂಟಿಗಳು

ನಮ್ಮ ಹಳೆಯ ಕೆರೆಗಳಿಗೆ ನೀರುಗಂಟಿ ಎಂಬವನೊಬ್ಬನಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ಎತ್ತುವವನು, ಇಳಿಸುವವನು. ಜೀವಕೋಶದಲ್ಲೂ ಬೆಳೆಯಲು, ಒಡೆದು ಎರಡಾಗಲು, ಸಾಯಲು ಹೀಗೇ ಅಪ್ಪಣೆ ಬೇಕು. ಕೋಶದ ಹೊರಪೊರೆಯಲ್ಲಿ ನೆಟ್ಟ ಗ್ರಾಹಕ ಪ್ರೋಟೀನಿಗೆ ಹೊರಗಿನಿಂದ ಬೆಳವಣಿಗೆಯ ಅಣುವೊಂದು ಬಂದು ಕೂರುತ್ತದೆ. ಗ್ರಾಹಕದ ಒಳತುದಿ ತನ್ನ ಟೈರೊಸಿನ್‌ಗಳಿಗೆ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ. ಆ ಗುರುತು ನೋಡಿ ಬಂದ ಪ್ರೋಟೀನುಗಳು ರಾಸ್ ಎಂಬ ಚಿಕ್ಕ ಸ್ವಿಚ್ಚನ್ನು ಒತ್ತುತ್ತವೆ. ರಾಸ್‌ನಿಂದ ರಾಫ್, ರಾಫ್‌ನಿಂದ ಮೆಕ್, ಮೆಕ್‌ನಿಂದ ಅರ್ಕ್. ಅರ್ಕ್ ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಬ್ಬಿಸುತ್ತದೆ. ಪ್ರತಿ ಮೆಟ್ಟಿಲಲ್ಲೂ ಎತ್ತುವವನಿದ್ದಾನೆ, ಇಳಿಸುವವನೂ ಇದ್ದಾನೆ. ಅಂಟಿಸಿದ ಫಾಸ್ಫೇಟನ್ನು ಕಿತ್ತುಹಾಕುವುದೇ ಕಸುಬಾದ ಕಿಣ್ವಗಳಿವೆ. ಮನುಷ್ಯರಲ್ಲಿ ಕೈನೇಸ್‌ಗಳು 518 ಎಂದು 2002ರಲ್ಲಿ ಹಂಟರ್ ಮತ್ತು ಸಂಗಡಿಗರು ಪಟ್ಟಿಮಾಡಿದರು. ಅವುಗಳಲ್ಲಿ 90 ಟೈರೊಸಿನ್‌ನವು.

1983–84ರಲ್ಲಿ ಒಂದರ ಹಿಂದೊಂದು ಸುದ್ದಿ ಬಂತು. ಮಂಗದ ಒಂದು ಕ್ಯಾನ್ಸರ್ ವೈರಸ್ಸಿನ ಜೀನು ಬೆಳವಣಿಗೆಯ ಅಣುವೊಂದರ ನಕಲು. ಕೋಳಿಯ ಇನ್ನೊಂದು ವೈರಸ್ಸಿನದು, ಬೆಳವಣಿಗೆಯ ಸಂದೇಶ ಪಡೆಯುವ ಗ್ರಾಹಕದ ತುಂಡು. ಕ್ಯಾನ್ಸರ್ ಜೀನುಗಳ ಪಟ್ಟಿಯೂ ಸಂದೇಶ ಪ್ರೋಟೀನುಗಳ ಪಟ್ಟಿಯೂ ಒಂದರ ಮೇಲೊಂದು ಕೂರತೊಡಗಿದವು. ಮೊದಲ ಪಂಥ ಹುಟ್ಟಿದ್ದು ಇಲ್ಲಿ.

ಕೆಟ್ಟ ತೂಬಿನವರ ವಾದ

ಈ ಪಂಥದ ಮಾತು ಸರಳ. ತೂಬು ಎತ್ತಿದಂತೆಯೇ ಸಿಕ್ಕಿಹಾಕಿಕೊಂಡಿದೆ, ಅದನ್ನು ಇಳಿಸಿ. 2002ರಲ್ಲಿ ಬರ್ನಾರ್ಡ್ ವೈನ್‌ಸ್ಟೈನ್ ಇದಕ್ಕೊಂದು ಹೆಸರಿಟ್ಟರು: ಚಟ. ಗಡ್ಡೆಯಲ್ಲಿ ಎಷ್ಟೇ ಮ್ಯುಟೇಶನ್ ಇರಲಿ, ಅದು ಒಂದೆರಡು ಕೆಟ್ಟ ಪ್ರೋಟೀನುಗಳಿಗೆ ಚಟ ಹಿಡಿದವರಂತೆ ಅಂಟಿಕೊಂಡಿರುತ್ತದೆ; ಅದನ್ನು ಕಿತ್ತುಕೊಂಡರೆ ಸಾಯುತ್ತದೆ.

ಇದಕ್ಕೆ ಸಿಕ್ಕ ಅತಿ ದೊಡ್ಡ ಸಾಕ್ಷಿ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ರಕ್ತಕೋಶಗಳಲ್ಲಿ ಮೊಟಕಾದ ಒಂದು ವರ್ಣತಂತು ಕಂಡರು. ಅದು ಮೊಟಕಾದದ್ದಷ್ಟೇ ಅಲ್ಲ, 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ತೋರಿಸಿದರು. ಕೂಡಿದ ಜಾಗದಲ್ಲಿ ಎರಡು ಜೀನುಗಳು ಬೆಸೆದುಕೊಂಡು ಬಿಸಿಆರ್-ಎಬಿಎಲ್ ಎಂಬ, ಎಂದೂ ಆರದ ಟೈರೊಸಿನ್ ಕೈನೇಸ್ ಹುಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ಇದಕ್ಕೆ ತಕ್ಕ ಅಣು ರೂಪುಗೊಂಡಿತು. ಒರೆಗಾನ್‌ನ ವೈದ್ಯ ಬ್ರಯಾನ್ ಡ್ರೂಕರ್ 1998ರಲ್ಲಿ ಅದನ್ನು ರೋಗಿಗಳಿಗೆ ಕೊಟ್ಟರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತದ ಎಣಿಕೆ ಸಹಜಕ್ಕೆ ಬಂತು. ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಇಂಥ ಅಂಕಿ ಬಲು ಅಪರೂಪ. ಅದೇ ಇಮಾಟಿನಿಬ್. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಹತ್ತು ವರ್ಷದ ನಂತರದ ಲೆಕ್ಕದಲ್ಲಿ, ಮೊದಲಿಂದ ಈ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 83 ಮಂದಿ ಬದುಕಿದ್ದರು.

ಇಮಾಟಿನಿಬ್ ಹೆಸರು ನಮ್ಮಲ್ಲಿ ವಿಜ್ಞಾನದ ಪುಟಕ್ಕಿಂತ ಕೋರ್ಟಿನ ಸುದ್ದಿಯಲ್ಲೇ ಹೆಚ್ಚು ಓಡಾಡಿತು. ಆಗ ನೊವಾರ್ಟಿಸ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ಭಾರತೀಯ ಕಂಪನಿಗಳ ಜೆನೆರಿಕ್ ಮಾತ್ರೆಗೆ ಹತ್ತು ಸಾವಿರದೊಳಗೆ. ಈ ಅಣುವಿನ ಒಂದು ಹರಳು ರೂಪಕ್ಕೆ ಕಂಪನಿ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು, ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನಡಿ ತಿರಸ್ಕರಿಸಿತು. ಈ ಪಂಥದ ಇನ್ನೊಂದು ಗೆಲುವಾದ ಟ್ರಾಸ್ಟುಜುಮ್ಯಾಬ್‌ಗೂ ಇಂಥದೇ ಮುಂದುವರಿಕೆ ಇದೆ. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಹದಿನೈದು-ಇಪ್ಪತ್ತರಲ್ಲಿ ಹರ್-2 ಎಂಬ ಗ್ರಾಹಕ ವಿಪರೀತ ತುಂಬಿಕೊಂಡಿರುತ್ತದೆ. ಅದಕ್ಕೆ ಅಂಟುವ ಪ್ರತಿಕಾಯ ಇದು, 1998ರಲ್ಲಿ ಬಂದದ್ದು. ಬೆಂಗಳೂರಿನ ಬಯೋಕಾನ್ ಅದರ ಸಮಾನ ರೂಪವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಮೈಲಾನ್ ಜೊತೆಗೂಡಿ 2017ರ ಕೊನೆಗೆ ಅಮೆರಿಕದ ಪರವಾನಗಿಯನ್ನೂ ಪಡೆಯಿತು.

ಇಮಾಟಿನಿಬ್ ನೋಡಿದವರಿಗೆ ದಾರಿ ತೆರೆದಂತಾಯಿತು. ಪ್ರತಿ ಗಡ್ಡೆಯ ಕೆಟ್ಟ ತೂಬು ಹುಡುಕುವುದು, ಪ್ರತಿಯೊಂದಕ್ಕೂ ಮಾತ್ರೆ ಮಾಡುವುದು, ಅಷ್ಟೇ. ಆದರೆ ಈ ಲ್ಯುಕೇಮಿಯಾ ತನ್ನ ಮೊದಲ ಹಂತದಲ್ಲಿ ಹೆಚ್ಚೂಕಡಿಮೆ ಒಂದೇ ತಪ್ಪಿನ ರೋಗ. ಶ್ವಾಸಕೋಶದ, ಕರುಳಿನ, ಬಾಯಿಯ ಗಡ್ಡೆಗಳು ಹಾಗಲ್ಲ. ಅತಿ ಸುಲಭದ ಲೆಕ್ಕ ಬಿಡಿಸಿ ಪರೀಕ್ಷೆಯನ್ನೇ ಪಾಸಾದೆವು ಎಂದುಕೊಂಡದ್ದು ಆ ದಶಕದ ತಪ್ಪು ಎಂದು ನನಗನ್ನಿಸುತ್ತದೆ.

ನೀರು ಬೇರೆ ದಾರಿ ಹಿಡಿಯಿತು

ಎರಡನೆಯ ಪಂಥದವರು ಒಂದೊಂದು ಪ್ರೋಟೀನಿನ ಬದಲು ಇಡೀ ಕಾಲುವೆ ಜಾಲವನ್ನು ನೋಡಬೇಕು ಎನ್ನುತ್ತಾರೆ. ಅವರಿಗೆ ಸಿಕ್ಕ ಬಲವಾದ ಪುರಾವೆ ರಾಫ್‌ನ ಒಂದು ರೂಪವಾದ ಬಿ-ರಾಫ್.

2002ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರುಗಳಲ್ಲಿ ಮೂರರಲ್ಲಿ ಎರಡರಷ್ಟರಲ್ಲಿ ಬಿ-ರಾಫ್ ಕೆಟ್ಟಿರುವುದನ್ನು ಕಂಡರು. 2011ರಲ್ಲಿ ಅದನ್ನು ತಡೆಯುವ ವೆಮುರಾಫೆನಿಬ್ ಬಂತು. ಮೈತುಂಬ ಹರಡಿದ ಗಡ್ಡೆಗಳು ವಾರಗಳಲ್ಲಿ ಕರಗಿದವು. ಅದೇ ಮ್ಯುಟೇಶನ್ ಕೆಲವು ಕರುಳಿನ ಕ್ಯಾನ್ಸರುಗಳಲ್ಲೂ ಇದೆ. ಅಲ್ಲಿಗೂ ಅದೇ ಮಾತ್ರೆ ಕೊಟ್ಟರು. 21 ರೋಗಿಗಳಲ್ಲಿ ಒಬ್ಬರ ಗಡ್ಡೆ ಮಾತ್ರ ಗಣನೀಯವಾಗಿ ಕುಗ್ಗಿತು. ಅದೇ ಪ್ರೋಟೀನು, ಅದೇ ಅಕ್ಷರದ ತಪ್ಪು, ಅದೇ ಔಷಧ.

ಉತ್ತರ 2012ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೆನೆ ಬರ್ನಾರ್ಡ್ಸ್ ತಂಡದಿಂದ ಬಂತು. ಕೋಶದಲ್ಲಿ ಸಂದೇಶ ಜೋರಾದಾಗ ಅದನ್ನು ಇಳಿಸುವ ಹಿಮ್ಮರಳಿಕೆಯ ಏರ್ಪಾಡಿದೆ: ಕೆಳಗಿನ ಮೆಟ್ಟಿಲು ಮೇಲಿನ ಗ್ರಾಹಕಕ್ಕೆ ‘ಸಾಕು’ ಎನ್ನುತ್ತದೆ. ಬಿ-ರಾಫ್ ಮುಚ್ಚಿದೊಡನೆ ಆ ‘ಸಾಕು’ ನಿಂತುಹೋಗುತ್ತದೆ. ಕರುಳಿನ ಕೋಶಗಳ ಮೇಲೆ ಇಜಿಎಫ್ ಎಂಬ ಬೆಳವಣಿಗೆಯ ಅಣುವಿನ ಗ್ರಾಹಕ ಹೇರಳ. ತಡೆ ಹೋದದ್ದೇ ಅದು ಎದ್ದು ಬೇರೆ ದಾರಿಯಲ್ಲಿ ಸಂದೇಶ ಸಾಗಿಸುತ್ತದೆ. ಮೆಲನೋಮಾ ಕೋಶಗಳಲ್ಲಿ ಆ ಗ್ರಾಹಕ ಬಹಳ ಕಡಿಮೆ, ಹಾಗಾಗಿ ಅಲ್ಲಿ ಗೆದ್ದೆವು. ಎರಡನ್ನೂ ಒಟ್ಟಿಗೆ ಮುಚ್ಚುವ ಔಷಧ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ವೆಮುರಾಫೆನಿಬ್ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಂದಿಗೆ ಬೇರೊಂದು ಬಗೆಯ ಚರ್ಮದ ಗಡ್ಡೆ ಹುಟ್ಟಿತು. ಬಿ-ರಾಫ್ ಸರಿಯಾಗಿದ್ದು ರಾಸ್ ಕೆಟ್ಟಿರುವ ಕೋಶದಲ್ಲಿ ಈ ಮಾತ್ರೆ ತಡೆಯಾಗುವ ಬದಲು ಕುಮ್ಮಕ್ಕಾಗುತ್ತದೆ: ರಾಫ್ ಪ್ರೋಟೀನುಗಳು ಜೋಡಿಯಾಗುತ್ತವೆ, ಮಾತ್ರೆ ಕೂತ ಒಂದು ತನ್ನ ಜೊತೆಗಾರನನ್ನು ಎಬ್ಬಿಸಿಬಿಡುತ್ತದೆ. ಆ ರೋಗಿಗಳ ಚರ್ಮದಲ್ಲಿ ರಾಸ್ ಕೆಟ್ಟ ಕೋಶಗಳು ಮೊದಲೇ ಇದ್ದವು, ಸುಮ್ಮನೆ. ಮಾತ್ರೆ ಅವನ್ನು ಬಡಿದೆಬ್ಬಿಸಿತು. ಈ ‘ಸುಮ್ಮನೆ ಇದ್ದವು’ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜಾಲದವರು ಇನ್ನೊಂದು ತೊಡಕನ್ನೂ ಎದುರಿಗಿಡುತ್ತಾರೆ: ಒಂದೇ ಪ್ರೋಟೀನು ಒಂದು ಅಂಗದಲ್ಲಿ ಖಳ, ಇನ್ನೊಂದರಲ್ಲಿ ಕಾವಲುಗಾರ. ನಾಚ್ ಎಂಬ ಗ್ರಾಹಕ ಇದಕ್ಕೆ ಮೇಲ್ಪಂಕ್ತಿ. ಈ ಇಬ್ಬಂದಿಯ ಎರಡೂ ಮುಖ 2001ರ ಎರಡು ಪ್ರಬಂಧಗಳಲ್ಲಿ ಕಾಣುತ್ತವೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸುಧೀರ್ ಕೃಷ್ಣ ಅವರ ತಂಡ, ಪ್ಯಾಪಿಲೋಮಾ ವೈರಸ್ಸಿನ ಜೀನುಗಳ ಜೊತೆ ಸೇರಿದಾಗ ನಾಚ್ ಕೋಶವನ್ನು ಕ್ಯಾನ್ಸರಿನತ್ತ ತಳ್ಳುತ್ತದೆ ಎಂದು ತೋರಿಸಿತು. ಅದೇ ವರ್ಷ ಅಮೆರಿಕದ ಇನ್ನೊಂದು ತಂಡ, ಚರ್ಮದ ಕೋಶಗಳಲ್ಲಿ ನಾಚ್ ಬೆಳವಣಿಗೆಯನ್ನು ನಿಲ್ಲಿಸುತ್ತದೆ ಎಂದಿತು. ಎರಡೂ ಪ್ರಬಂಧಗಳಲ್ಲಿ ಮೊದಲ ಹೆಸರು ಒಬ್ಬರದೇ: ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಅನ್ನಪೂರ್ಣಿ ರಂಗರಾಜನ್. ಮುಂದೆ ಆಲ್ಜೈಮರ್ ರೋಗಕ್ಕೆಂದು ಪರೀಕ್ಷಿಸಿದ, ಪಕ್ಕದಲ್ಲೇ ನಾಚ್ ಅನ್ನೂ ತಡೆಯುವ ಔಷಧವೊಂದನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ಮರೆವು ಹೆಚ್ಚಿತ್ತು, ಚರ್ಮದ ಕ್ಯಾನ್ಸರೂ ಹೆಚ್ಚಿತ್ತು.

ರಾಸ್, ಹಿಡಿತಕ್ಕೆ ಸಿಗದ ಗುಂಡು

ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ರಾಸ್ ಕೆಟ್ಟಿರುತ್ತದೆ. 1982ರಲ್ಲಿ ರಾಬರ್ಟ್ ವೈನ್‌ಬರ್ಗ್, ಮರಿಯಾನೋ ಬಾರ್ಬಸಿಡ್, ಮೈಕಲ್ ವಿಗ್ಲರ್ ಅವರ ತಂಡಗಳು ಮೂತ್ರಕೋಶದ ಕ್ಯಾನ್ಸರಿನಿಂದ ತೆಗೆದ ಈ ಜೀನಿನಲ್ಲಿ ತಪ್ಪು ಎಲ್ಲಿದೆ ಎಂದು ಪತ್ತೆಹಚ್ಚಿದವು. 189 ಅಮೈನೋ ಆಮ್ಲಗಳಲ್ಲಿ ಹನ್ನೆರಡನೆಯದು ಗ್ಲೈಸಿನ್ ಬದಲು ವ್ಯಾಲಿನ್, ಅಷ್ಟೇ. ಆ ಒಂದರಿಂದ ಸ್ವಿಚ್ಚು ಆರುವುದನ್ನು ಮರೆಯುತ್ತದೆ.

ಶತ್ರು ಗೊತ್ತಿತ್ತು, ಕೈಗೆ ಸಿಗಲಿಲ್ಲ. ರಾಸ್ ನುಣ್ಣನೆಯ ಗುಂಡಿನಂಥ ಪ್ರೋಟೀನು. ಮಾತ್ರೆಯ ಅಣು ಕೂರಲು ಸಂದು ಇಲ್ಲ. ಇರುವ ಒಂದು ಸಂದಿನಲ್ಲಿ ಜಿಟಿಪಿ ಎಂಬ ಅಣು ಕಚ್ಚಿಕೊಂಡು ಕೂತಿರುತ್ತದೆ. ರಾಸ್ ಅನ್ನು ಪೊರೆಗೆ ಅಂಟಿಸುವ ಕಿಣ್ವವನ್ನಾದರೂ ತಡೆಯೋಣವೆಂದು ತೊಂಬತ್ತರ ದಶಕದಲ್ಲಿ ಹಲವು ಕಂಪನಿಗಳು ಹೊರಟವು. ಇಲಿಗಳಲ್ಲಿ ಗೆದ್ದ ಆ ಔಷಧಗಳು ಮನುಷ್ಯರಲ್ಲಿ ಸೋತವು: ಹೆಚ್ಚಿನ ಕ್ಯಾನ್ಸರುಗಳಲ್ಲಿರುವ ಕೆ-ರಾಸ್ ಬೇರೆ ಅಂಟು ಹುಡುಕಿಕೊಂಡಿತು. ಆ ಬದಲಿ ಅಂಟಿಲ್ಲದ್ದು ಎಚ್-ರಾಸ್. ತಂಬಾಕು ಜಗಿಯುವವರ ಬಾಯಿ ಕ್ಯಾನ್ಸರಿನಲ್ಲಿ ಎಚ್-ರಾಸ್ ಕೆಡುವುದು ಹೆಚ್ಚೆಂದು 1991ರಲ್ಲೇ ಮುಂಬೈನ ಸಂಶೋಧಕರು ವರದಿ ಮಾಡಿದ್ದರು. ಸೋತು ಮೂಲೆ ಸೇರಿದ್ದ ಟಿಪಿಫಾರ್ನಿಬ್ ಎಂಬ ಔಷಧ ಇತ್ತೀಚೆಗೆ ಎಚ್-ರಾಸ್ ಕೆಟ್ಟ ತಲೆ-ಕತ್ತಿನ ಕ್ಯಾನ್ಸರುಗಳಲ್ಲಿ ಭರವಸೆ ತೋರಿಸಿದೆ. ಗುಟ್ಕಾ ಊರುಗಳಿರುವ ನಮ್ಮಂಥ ನಾಡಿಗೆ ಇದು ಪರದೇಶದ ಸುದ್ದಿಯಲ್ಲ.

2013ರಲ್ಲಿ ಕೆವನ್ ಶೋಕಾಟ್ ಅವರ ತಂಡ ಬೇರೆ ಉಪಾಯ ಹೂಡಿತು. ಹನ್ನೆರಡನೆಯ ಜಾಗದಲ್ಲಿ ಸಿಸ್ಟೀನ್ ಬಂದು ಕೂತ ರಾಸ್‌ನಲ್ಲಿ, ಆ ಸಿಸ್ಟೀನನ್ನೇ ಕೊಕ್ಕೆಯಾಗಿ ಹಿಡಿದರೆ ಪಕ್ಕದಲ್ಲೊಂದು ಗುಪ್ತ ಸಂದು ತೆರೆಯುತ್ತದೆ. ಕಾಯಿಲೆಯ ತಪ್ಪೇ ಔಷಧದ ಹಿಡಿಕೆಯಾಯಿತು! ಆ ಹಿಡಿಕೆ ಹಿಡಿಯುವ ಮಾತ್ರೆ ಸೊಟೊರಾಸಿಬ್ 2021ರ ಮೇನಲ್ಲಿ ಬಂತು. ಮೂವತ್ತೊಂಬತ್ತು ವರ್ಷದ ಕಾಯುವಿಕೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ನೂರಕ್ಕೆ 37ರಷ್ಟು ಗಡ್ಡೆಗಳು ಕುಗ್ಗಿದವು. ಆಮೇಲೆ ಹಳೆಯ ಕೀಮೋ ಔಷಧದ ಎದುರು ಹೋಲಿಸಿದರು. ರೋಗ ಮತ್ತೆ ಬೆಳೆಯುವ ಮುನ್ನ ಸಿಕ್ಕ ಸಮಯದ ಮಧ್ಯಮ ಅಂಕಿ 5.6 ತಿಂಗಳು, ಕೀಮೋದಲ್ಲಿ 4.5. ಒಟ್ಟು ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ರಸಾಯನಶಾಸ್ತ್ರದ ಗೆಲುವು ಇದು, ಸಂಶಯವಿಲ್ಲ. ಅದನ್ನು ರೋಗಿಯ ಗೆಲುವೆಂದು ಪತ್ರಿಕೆಗಳು ಬರೆದದ್ದು ಅವಸರ.

ಓಣಿಯವರ ವಾದ

ಈಗ ಮತ್ತೆ ಕೋಳಿಗೆ ಬರೋಣ. ಇರಾನಿನಲ್ಲಿ ಹುಟ್ಟಿ ಬರ್ಕ್ಲಿಯಲ್ಲಿ ನೆಲೆಸಿದ ಮೀನಾ ಬಿಸ್ಸೆಲ್ ರೌಸ್ ಅವರ ಅದೇ ವೈರಸ್ಸನ್ನು ಕೈಗೆತ್ತಿಕೊಂಡರು. ಮರಿಕೋಳಿಗೆ ಚುಚ್ಚಿದರೆ ಗಡ್ಡೆ ಖಚಿತ. ಮೊಟ್ಟೆಯೊಳಗಿನ ಎಳೆಯ ಭ್ರೂಣದ ರೆಕ್ಕೆಗೆ ಚುಚ್ಚಿದರೆ? ಗಡ್ಡೆ ಬರಲಿಲ್ಲ. 1984ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಸಾರ್ಕ್ ಕೋಶಗಳೊಳಗೆ ಇತ್ತು, ಎಚ್ಚರವಾಗಿಯೂ ಇತ್ತು. ಆ ಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿ ಬೆಳೆಸಿದರೆ ಕೂಡಲೇ ಕೆಟ್ಟವು. ಭ್ರೂಣದೊಳಗೆ ಮಾತ್ರ ನೆಟ್ಟಗಿದ್ದವು.

ಮರುವರ್ಷ ಇನ್ನೊಂದು. ಮರಿಕೋಳಿಯ ಒಂದು ರೆಕ್ಕೆಗೆ ವೈರಸ್ ಚುಚ್ಚಿದರೆ ಗಡ್ಡೆ ಅಲ್ಲೇ ಬರುತ್ತದೆ, ರಕ್ತದಲ್ಲೆಲ್ಲ ವೈರಸ್ ಹರಿದಾಡುತ್ತಿದ್ದರೂ. ಇನ್ನೊಂದು ರೆಕ್ಕೆಗೆ ಗಾಯ ಮಾಡಿದರೆ ಅಲ್ಲೂ ಗಡ್ಡೆ. ಅಂದರೆ ಸೂಜಿ ಚುಚ್ಚಿದ ಗಾಯವೂ ಕಾರಣದಲ್ಲಿ ಪಾಲುದಾರ. ಎಪ್ಪತ್ತು ವರ್ಷ ಅದೆಷ್ಟು ಸೂಜಿ ಚುಚ್ಚಿದ್ದರೋ, ಸೂಜಿಯ ಮೇಲೆ ಅನುಮಾನ ಪಟ್ಟವರು ಕಡಿಮೆ.

ಕೆಟ್ಟ ಜೀನಿದ್ದರೆ ಸಾಲದು, ಕೋಶದ ಓಣಿ, ಅಂದರೆ ಸುತ್ತಲ ಅಂಗಾಂಶ, ಅದಕ್ಕೆ ಅವಕಾಶ ಕೊಡಬೇಕು ಎಂಬುದು ಈ ಪಂಥದ ತಿರುಳು. ಅವರ ಹಳೆಯ ಸಾಕ್ಷಿ ಬಿಯಾಟ್ರಿಸ್ ಮಿಂಟ್ಜ್ 1975ರಲ್ಲಿ ಮಾಡಿದ ಪ್ರಯೋಗ: ವರ್ಷಗಟ್ಟಲೆ ಗಡ್ಡೆಯಾಗಿ ಬೆಳೆಸಿದ್ದ ಟೆರಟೋಕಾರ್ಸಿನೋಮಾ ಕೋಶಗಳನ್ನು ಇಲಿಯ ಎಳೆ ಭ್ರೂಣದೊಳಗಿಟ್ಟರೆ ಆರೋಗ್ಯವಂತ ಮರಿ ಹುಟ್ಟಿತು, ಅದರ ಮೈಯ ಎಷ್ಟೋ ಭಾಗ ಆ ಕೋಶಗಳಿಂದಲೇ ಆದದ್ದು. ಇದು ಭ್ರೂಣಕೋಶಕ್ಕೆ ತೀರಾ ಹತ್ತಿರದ ಒಂದು ವಿಶೇಷ ಗಡ್ಡೆ, ಎಲ್ಲಕ್ಕೂ ಅನ್ವಯಿಸಬೇಡಿ ಎಂಬ ಆಕ್ಷೇಪ ನ್ಯಾಯವಾದದ್ದೇ.

ಈ ಸಾಲಿನ ತೀವ್ರವಾದಿಗಳು ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಅನಾ ಸೋಟೊ ಮತ್ತು ಕಾರ್ಲೋಸ್ ಸೊನ್ನೆನ್‌ಶೈನ್. 1999ರ ತಮ್ಮ ಪುಸ್ತಕದಲ್ಲಿ ಅವರು ಮ್ಯುಟೇಶನ್ ಸಿದ್ಧಾಂತವನ್ನೇ ತಳ್ಳಿಹಾಕಿದರು. ಬೆಳೆಯುವುದು ಕೋಶದ ಸಹಜ ಸ್ಥಿತಿ, ಅದನ್ನು ಹಿಡಿದಿಡುವುದು ಅಂಗಾಂಶ. ಕ್ಯಾನ್ಸರ್ ಆ ಹಿಡಿತ ಸಡಿಲಿದ್ದರ ಫಲ. 2004ರಲ್ಲಿ ಅವರ ತಂಡ ಹೆಗ್ಗಣಗಳ ಸ್ತನದ ಹಂದರದ ಅಂಗಾಂಶಕ್ಕೆ ಮಾತ್ರ ವಿಷ ತಾಗಿಸಿ, ವಿಷ ಸೋಕದ ಕೋಶಗಳನ್ನು ಅಲ್ಲಿ ನೆಟ್ಟು, ಗಡ್ಡೆ ಬರಿಸಿತು. ಇಷ್ಟಾದರೂ ಇಮಾಟಿನಿಬ್ ಏಕೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಅವರ ಉತ್ತರ ನನಗೆ ತೃಪ್ತಿ ಕೊಟ್ಟಿಲ್ಲ. ಒಂದು ಅಣುವನ್ನು ತಡೆದರೆ ರೋಗ ನಿಲ್ಲುವುದಾದರೆ, ಆ ಅಣುವಿಗೆ ರೋಗದಲ್ಲಿ ಪಾತ್ರವಿಲ್ಲ ಎನ್ನುವುದು ಹಟ.

ಬಿಸ್ಸೆಲ್ ಅಷ್ಟು ದೂರ ಹೋಗುವವರಲ್ಲ. 1997ರಲ್ಲಿ ಅವರ ತಂಡ ಸ್ತನ ಕ್ಯಾನ್ಸರಿನ ಕೋಶಗಳನ್ನು ಮೆದು ಜೆಲ್‌ನಲ್ಲಿ ಬೆಳೆಸಿ, ಕೋಶವನ್ನು ಸುತ್ತಲ ಹಂದರಕ್ಕೆ ಹಿಡಿಸುವ ಇಂಟಿಗ್ರಿನ್ ಪ್ರೋಟೀನನ್ನು ಪ್ರತಿಕಾಯದಿಂದ ತಡೆಯಿತು. ಜೀನುಗಳು ಕೆಟ್ಟಂತೆಯೇ ಇದ್ದರೂ ಕೋಶಗಳು ಆರೋಗ್ಯವಂತ ಸ್ತನದ ಗುಂಡುಗುಂಡಾದ ರಚನೆಗೆ ಮರಳಿದವು. ನನಗೆ ಮುಖ್ಯವೆನಿಸುವುದು ಇಲ್ಲಿದೆ. ಇಂಟಿಗ್ರಿನ್ ಕೂಡ ಸಂದೇಶ ಸಾಗಿಸುವ ಪ್ರೋಟೀನೇ. ಅದು ಕೋಶದೊಳಗೆ ಎಬ್ಬಿಸುವವರಲ್ಲಿ ಸಾರ್ಕ್ ಕೂಡ ಇದೆ. ಗಾಯದ ರೆಕ್ಕೆಯಲ್ಲಿ ಗಡ್ಡೆ ತರಿಸಿದ್ದು ಏನೆಂದು ಹುಡುಕಿದಾಗ ಸಿಕ್ಕಿದ್ದೂ ಟಿಜಿಎಫ್-ಬೀಟಾ ಎಂಬ ಸಂದೇಶದ ಅಣು. ಓಣಿ ಮಾತಾಡುವುದೂ ಅದೇ ತಂತಿಗಳ ಮೇಲೆ. ಕೆಟ್ಟ ತೂಬಿನವರೂ ಓಣಿಯವರೂ ಜಗಳಾಡುತ್ತಿರುವುದು ಒಂದೇ ಯಂತ್ರದ ಎರಡು ತುದಿ ಹಿಡಿದುಕೊಂಡು.

ಆಯ್ಕೆಯ ಲೆಕ್ಕ

ವರ್ಣತಂತು ಕಂಡ ಅದೇ ನೊವೆಲ್ 1976ರಲ್ಲಿ ಇನ್ನೊಂದು ಬಗೆಯ ಚಿತ್ರ ಕೊಟ್ಟರು. ಗಡ್ಡೆ ಒಂದೇ ತರದ ಕೋಶಗಳ ಗುಡ್ಡೆಯಲ್ಲ. ಬಗೆಬಗೆಯ ವಂಶಗಳು ಜಾಗಕ್ಕೆ, ಆಹಾರಕ್ಕೆ ಪೈಪೋಟಿ ನಡೆಸುವ ಬಯಲು. ಔಷಧ ಕೊಟ್ಟಾಗ ಅದಕ್ಕೆ ಜಗ್ಗದ ಒಂದು ವಂಶ ಉಳಿದು ಬೆಳೆಯುತ್ತದೆ. ಕೀಟನಾಶಕ ಹೊಡೆದ ಹತ್ತಿ ಹೊಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇಮಾಟಿನಿಬ್ ಬಂದ ವರ್ಷವೇ ಅದಕ್ಕೆ ಬಗ್ಗದ ಬಿಸಿಆರ್-ಎಬಿಎಲ್ ರೂಪಗಳು ಸಿಕ್ಕವು.

ಈ ಪಂಥಕ್ಕೆ ಹೊಸ ಬಲ ಬಂದದ್ದು ಆರೋಗ್ಯವಂತರ ಚರ್ಮದಿಂದ. 2015ರಲ್ಲಿ ಸ್ಯಾಂಗರ್ ಸಂಸ್ಥೆಯವರು ನಾಲ್ವರ ಕಣ್ಣರೆಪ್ಪೆಯ ಸಹಜ ಚರ್ಮದ 234 ಚೂರುಗಳನ್ನು ಓದಿದರು. ಕಾಲುಭಾಗದಷ್ಟು ಕೋಶಗಳಲ್ಲಿ ಕ್ಯಾನ್ಸರ್ ಮ್ಯುಟೇಶನ್ ಇತ್ತು. ಗಡ್ಡೆ ಮಾತ್ರ ಇರಲಿಲ್ಲ. 2018ರಲ್ಲಿ ಅನ್ನನಾಳದಲ್ಲಿ ಇನ್ನೂ ವಿಚಿತ್ರ ಕಂಡಿತು: ನಾಚ್-1 ಮ್ಯುಟೇಶನ್ ಅನ್ನನಾಳದ ಕ್ಯಾನ್ಸರಿಗಿಂತ ನಡುವಯಸ್ಸಿನವರ ಆರೋಗ್ಯವಂತ ಅನ್ನನಾಳದಲ್ಲೇ ಹೆಚ್ಚು. ವೆಮುರಾಫೆನಿಬ್ ಎಬ್ಬಿಸಿದ ಆ ಸುಮ್ಮನಿದ್ದ ಕೋಶಗಳ ನೆನಪಿದೆಯಲ್ಲ? ಅವು ವಿನಾಯಿತಿ ಆಗಿರಲಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ಔಷಧಕ್ಕೆ ಬಿಡುವು ಕೊಡಬೇಕೇ, ಬಿಡದೆ ಕೊಡಬೇಕೇ? ಇಲಿಗಳಲ್ಲಿ, ವೆಮುರಾಫೆನಿಬ್‌ಗೆ ಒಗ್ಗಿದ ಮೆಲನೋಮಾ ಔಷಧ ನಿಲ್ಲಿಸಿದಾಗಲೇ ಕುಗ್ಗಿತು, ಸಂದೇಶ ಅತಿಯಾಗಿ. ಹಾಗಾದರೆ ಬಿಟ್ಟು ಬಿಟ್ಟು ಕೊಡೋಣ ಎಂದು ಮನುಷ್ಯರಲ್ಲಿ ಪರೀಕ್ಷಿಸಿದರು. 2020ರಲ್ಲಿ ಬಂದ ಫಲಿತಾಂಶ ತಿರುಗುಮುರುಗು: ಬಿಡದೆ ತೆಗೆದುಕೊಂಡವರಲ್ಲಿ ರೋಗ 9 ತಿಂಗಳು ತಡೆಯಿತು, ಬಿಟ್ಟು ತೆಗೆದುಕೊಂಡವರಲ್ಲಿ 5.5. ಆದರೂ ಅತಿ ಸಂದೇಶವೇ ಕೋಶಕ್ಕೆ ವಿಷವಾಗಬಲ್ಲದು ಎಂಬ ಎಳೆಯನ್ನು ಬರ್ನಾರ್ಡ್ಸ್ ಅಂಥವರು ಬಿಟ್ಟಿಲ್ಲ. ತೂಬು ಇಳಿಸುವ ಬದಲು ಇನ್ನಷ್ಟು ಎತ್ತಿ ಕಾಲುವೆಯನ್ನೇ ಒಡೆಯುವ ಔಷಧ ಜೋಡಿಗಳನ್ನು ಅವರು ಹುಡುಕುತ್ತಿದ್ದಾರೆ.

ಎರಡು ಮೂರು ತೂಬುಗಳನ್ನು ಒಟ್ಟಿಗೆ ಮುಚ್ಚಿದರೆ ಗಡ್ಡೆ ಸೋಲಬಹುದು. ಅದೇ ತೂಬುಗಳ ನೀರು ಕುಡಿಯುವ ಚರ್ಮ, ಕರುಳು, ಹೃದಯ ಎಷ್ಟು ತಡೆದಾವು? ಎಲ್ಲ ಬಗೆಯ ರಾಸ್ ಅನ್ನೂ ಹಿಡಿಯುವ ಔಷಧಗಳು ಪರೀಕ್ಷೆಗೆ ಇಳಿದಿರುವುದರಿಂದ ಇದು ಬರಿಯ ತರ್ಕವಾಗಿ ಉಳಿದಿಲ್ಲ. ಓಣಿಯವರದು ಇನ್ನೂ ಕಷ್ಟದ ಪಾಡು. ಕೋಳಿಮೊಟ್ಟೆಯ ಭ್ರೂಣಕ್ಕೆ ಗೊತ್ತಿರುವ ಉಪಾಯವನ್ನು ಅರವತ್ತರ ಮನುಷ್ಯನ ಶ್ವಾಸಕೋಶಕ್ಕೆ ಕಲಿಸುವ ಮಾತ್ರೆ ಅವರ ಕೈಲಿ ಇಲ್ಲ. ಸಾರ್ಕ್‌ನ ಗತಿಯೂ ಒಗಟೇ. ಇಡೀ ಶಾಸ್ತ್ರವನ್ನು ಹುಟ್ಟಿಸಿದ ಈ ಜೀನು ಮನುಷ್ಯರ ಗಡ್ಡೆಗಳಲ್ಲಿ ಎಚ್ಚರವಾಗಿರುವುದು ಸಾಮಾನ್ಯ, ಆದರೆ ಕೆಟ್ಟಿರುವುದು ಬಲು ವಿರಳ.

ನನ್ನನ್ನು ಹೆಚ್ಚು ಕಾಡುವುದು ಮೊದಲ ಪಂಥದ ಅತಿ ಶುದ್ಧ ಉದಾಹರಣೆಯೇ. ಫ್ರಾನ್ಸಿನಲ್ಲಿ, ಎರಡು ವರ್ಷಕ್ಕೂ ಹೆಚ್ಚು ಕಾಲ ರಕ್ತದಲ್ಲಿ ರೋಗದ ಸುಳಿವೇ ಸಿಗದ ನೂರು ಮಂದಿ ಲ್ಯುಕೇಮಿಯಾ ರೋಗಿಗಳಿಗೆ ಇಮಾಟಿನಿಬ್ ನಿಲ್ಲಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಮರಳಿತು, ಬಹುಪಾಲು ಮೊದಲ ಆರು ತಿಂಗಳಲ್ಲೇ. ಸುಮಾರು ನಲವತ್ತು ಮಂದಿಗೆ ಮರಳಲಿಲ್ಲ. ಹಾಗೆ ಔಷಧ ಬಿಟ್ಟು ಚೆನ್ನಾಗಿರುವ ಕೆಲವರ ರಕ್ತದಲ್ಲಿ, ಸೂಕ್ಷ್ಮ ಪರೀಕ್ಷೆಗಳು ಬಿಸಿಆರ್-ಎಬಿಎಲ್ ಇನ್ನೂ ಇದೆಯೆಂದು ಹೇಳುತ್ತವೆ. ಎಂದೂ ರೋಗ ಬಾರದ ಆರೋಗ್ಯವಂತರ ರಕ್ತದಲ್ಲೂ ಅದರ ಕುರುಹು ಆಗಾಗ ಸಿಗುತ್ತದೆ. ತೂಬು ಕೆಟ್ಟಿದೆ, ಮಾತ್ರೆ ಇಲ್ಲ, ಕ್ಯಾನ್ಸರೂ ಇಲ್ಲ. ಆ ಕೋಶಗಳನ್ನು ಹಿಡಿದಿಟ್ಟಿರುವುದು ದೇಹದ ರೋಗನಿರೋಧಕ ಕಾವಲೋ, ಮಜ್ಜೆಯ ಓಣಿಯೋ, ಬೆಳೆಯಲಾರದ ವಂಶವೊಂದರ ಸೋಮಾರಿತನವೋ ಎಂಬುದಕ್ಕೆ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಿದ್ದಾರೆ.